ಮಲೆನಾಡಿನ ಮನೆಯಲ್ಲಿ ಲಿನಕ್ಸ್ ಸ್ಟೋರೇಜ್ ಸರ್ವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟೋರೇಜ್ ಸರ್ವರ್ ಅಂದರೆ ಮನೆಮಂದಿಯ ಫೋಟೋ, ವಿಡಿಯೊ, ಕಡತಗಳನ್ನು ಒಂದೇ ಕಡೆ ಇಟ್ಟು ಎಲ್ಲರಿಗೂ ಹಂಚುವ ಕಂಪ್ಯೂಟರ್. ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಗೆ ಸಾಮಾನ್ಯ ಕೈಪಿಡಿಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತವೆ. ಸಾಫ್ಟ್‌ವೇರ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಏಪ್ರಿಲ್‌ನ ಸಿಡಿಲು, ಜುಲೈನ ಥಂಡಿ, ಲೈನ್ ಮೇಲೆ ಮರ ಬಿದ್ದು ಮೂರು ದಿನ ಬಾರದ ಕರೆಂಟು, ಇವುಗಳಿಂದ ಅದನ್ನು ಕಾಪಾಡುವುದೇ ನಿಜವಾದ ಕೆಲಸ. ಹಾಗಾಗಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ. ಆಜ್ಞೆಗಳ ಹೆಸರು ಕನ್ನಡದಲ್ಲಿವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಹಳೇ ಕಂಪ್ಯೂಟರ್ ಸಾಕಾ, ಹೊಸದು ತಗೋಬೇಕಾ?

ಮನೆಯಲ್ಲಿ 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್, ಎರಡು ಸಾಟಾ ಕನೆಕ್ಟರ್ ಇರುವ ಡೆಸ್ಕ್‌ಟಾಪ್ ಇದ್ದರೆ ಅದರಲ್ಲೇ ಶುರು ಮಾಡಿ. ಫೈಲ್ ಹಂಚುವ ಕೆಲಸಕ್ಕೆ ದೊಡ್ಡ ಪ್ರೊಸೆಸರ್ ಬೇಕಿಲ್ಲ. ಫೋನಿನ ಫೋಟೋಗಳನ್ನು ಮುಖ ಗುರುತಿಸಿ ಜೋಡಿಸುವ ಇಮ್ಮಿಚ್ ಬೇಕೆಂದರೆ 8 ಜಿಬಿ ರ‍್ಯಾಮ್ ಇಟ್ಟುಕೊಳ್ಳಿ. ವಿಡಿಯೊವನ್ನು ಟಿವಿಗೆ ತಕ್ಕಂತೆ ಬದಲಿಸಿ ಕಳಿಸುವ ಜೆಲ್ಲಿಫಿನ್ ಬೇಕೆಂದರೆ ಆ ಕೆಲಸಕ್ಕೆಂದೇ ಕ್ವಿಕ್ ಸಿಂಕ್ ಇರುವ ಇಂಟೆಲ್ ಪ್ರೊಸೆಸರ್ ಒಳ್ಳೆಯದು.

ಹೊಸದಾಗಿ ಕೊಳ್ಳುವುದಾದರೆ ಇಂಟೆಲ್ ಎನ್100 ಇರುವ ಪುಟ್ಟ ಯಂತ್ರ ಮಲೆನಾಡಿಗೆ ಹೇಳಿ ಮಾಡಿಸಿದಂತಿದೆ. 2023ರಲ್ಲಿ ಬಂದ ಈ ಪ್ರೊಸೆಸರ್‌ನ ವಿನ್ಯಾಸದ ಮಿತಿಯೇ 6 ವ್ಯಾಟ್. ಬ್ಯಾಟರಿ ಮೇಲೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದೇ ಇಲ್ಲಿ ಮುಖ್ಯವಾದ್ದರಿಂದ ಇದು ಸಣ್ಣ ಮಾತಲ್ಲ. ಕೊಳ್ಳುವ ಮೊದಲು ಡಿಸ್ಕ್ ಎಲ್ಲಿ ಕೂರುತ್ತದೆ ಎಂದು ಕೇಳಿ. ಇಂಥ ಅನೇಕ ಪೆಟ್ಟಿಗೆಗಳಲ್ಲಿ 3.5 ಇಂಚಿನ ಡಿಸ್ಕ್‌ಗೆ ಜಾಗವೂ ಇರುವುದಿಲ್ಲ, 12 ವೋಲ್ಟ್ ತಂತಿಯೂ ಇರುವುದಿಲ್ಲ.

ರಾಸ್ಪ್‌ಬೆರಿ ಪೈ ಆಗುತ್ತದಾ?

ಅಂಗೈಯಗಲದ ಈ ಕಂಪ್ಯೂಟರ್ ಒಂದು ಡಿಸ್ಕ್‌ಗೆ ಆಗುತ್ತದೆ. ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪಿಯರ್. 2.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಆ ಕ್ಷಣದಲ್ಲಿ ಒಂದೇ ಸುಮಾರು 1 ಆಂಪಿಯರ್ ಎಳೆಯುತ್ತದೆ. ಎರಡು ಸಿಕ್ಕಿಸಿದರೆ ಒಂದು ಟಿಕ್ ಟಿಕ್ ಅಂದು ಕಾಣೆಯಾಗುತ್ತದೆ. ಜನ ಡಿಸ್ಕ್ ಹಾಳಾಯಿತು ಅಂದುಕೊಳ್ಳುತ್ತಾರೆ, ಕೊರತೆ ಇರುವುದು ಕರೆಂಟಿನದ್ದು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅಥವಾ ಡಾಕ್ ಬಳಸಿ.

ಪೈ 4ರಲ್ಲಿ ಗಡಿಯಾರದ ಬ್ಯಾಟರಿಯೂ ಇಲ್ಲ. ಕರೆಂಟು ಬಂದು ಇಂಟರ್ನೆಟ್ ಬರದಿದ್ದರೆ ಅದಕ್ಕೆ ಇವತ್ತಿನ ತಾರೀಖು ಗೊತ್ತಿರುವುದಿಲ್ಲ, ಬ್ಯಾಕಪ್‌ಗಳಿಗೆ ತಪ್ಪು ದಿನ ಬೀಳುತ್ತದೆ. ಪೈ 5ರಲ್ಲಿ ಗಡಿಯಾರ ಇದೆ, ಅದರ ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಯಾವ ಡಿಸ್ಕ್ ಕೊಳ್ಳಬೇಕು? 4 ಟಿಬಿ ಹಾಕಿದರೆ 3.6 ಅಂತ ಯಾಕೆ ತೋರಿಸುತ್ತದೆ?

ಎರಡನೆಯದಕ್ಕೆ ಉತ್ತರ ಮೊದಲು: ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರ 1024ರ ಲೆಕ್ಕ ಹಿಡಿಯುತ್ತದೆ. ಏನೂ ಕಳೆದಿಲ್ಲ.

ಕೊಳ್ಳುವಾಗ ಸಿಎಂಆರ್ ಬಗೆಯ ಡಿಸ್ಕ್ ಕೇಳಿ. ಎಸ್‌ಎಂಆರ್ ಬಗೆಯಲ್ಲಿ ಟ್ರ್ಯಾಕ್‌ಗಳು ಹಂಚಿನ ಮಾಡಿನ ಹಂಚುಗಳ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಮೇಲಿನ ಸಾಲನ್ನೂ ಎತ್ತಬೇಕಲ್ಲ, ಇಲ್ಲೂ ಅದೇ: ಒಂದು ಕಡೆ ಬರೆದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ದೊಡ್ಡ ಕಾಪಿ ನಡುವೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಎರಡು ಡಿಸ್ಕ್‌ಗೂ ಒಂದೇ ಬರೆಯುವ ಮಿರರ್ ಅನ್ನು ಮತ್ತೆ ಕಟ್ಟುವಾಗ ದಿನಗಟ್ಟಲೆ ಹಿಡಿಯುತ್ತದೆ. ಸೀಗೇಟ್ ಐರನ್‌ವುಲ್ಫ್, ವೆಸ್ಟರ್ನ್ ಡಿಜಿಟಲ್ ರೆಡ್ ಪ್ಲಸ್ ಎರಡೂ ಸಿಎಂಆರ್. ಜೇಬಿನಲ್ಲಿಡುವ 2.5 ಇಂಚಿನ ಹೊರ ಡಿಸ್ಕ್‌ಗಳು ಬಹುಪಾಲು ಎಸ್‌ಎಂಆರ್; ಬ್ಯಾಕಪ್‌ಗೆ ಪರವಾಗಿಲ್ಲ, ಮುಖ್ಯ ಡಿಸ್ಕ್ ಆಗಿ ಬೇಡ.

ಹೊಸ ಡಿಸ್ಕ್ ಬಂದ ದಿನವೇ ಫೋಟೋ ತುಂಬಬೇಡಿ. ಡಿಸ್ಕ್‌ನ ಆರೋಗ್ಯದ ವರದಿ (ಸ್ಮಾರ್ಟ್) ಓದುವ ಸ್ಮಾರ್ಟ್‌ಸಿಟಿಎಲ್‌ನ ಉದ್ದ ಪರೀಕ್ಷೆ ಓಡಿಸಿ. 4 ಟಿಬಿಗೆ ಏಳೆಂಟು ಗಂಟೆ ಆಗುತ್ತದೆ. ಆಮೇಲೆ 5, 197, 198 ಈ ಮೂರು ಸಂಖ್ಯೆಯ ಸಾಲು ನೋಡಿ, ಅವು ಡಿಸ್ಕ್‌ನ ಕೆಟ್ಟ ಜಾಗಗಳ ಎಣಿಕೆ. ಹೊಸ ಡಿಸ್ಕ್‌ನಲ್ಲಿ ಮೂರೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಹಿಂದಿರುಗಿಸುವ ಗಡುವು ಮುಗಿಯುವ ಮೊದಲೇ ವಾಪಸ್ ಮಾಡಿ.

ಯಾವ ಸಿಸ್ಟಮ್ ಹಾಕಲಿ?

ಮೊದಲ ಸಲದವರಿಗೆ ಓಪನ್‌ಮೀಡಿಯಾವಾಲ್ಟ್. ಇದು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು. 7ನೇ ಆವೃತ್ತಿ ಡೆಬಿಯನ್ 12ರದ್ದು. ಬ್ರೌಸರ್‌ನಲ್ಲೇ ಎಲ್ಲ ಕೆಲಸ ಆಗುತ್ತದೆ. ಟರ್ಮಿನಲ್ ಅಭ್ಯಾಸ ಇರುವವರಿಗೆ ಬರೀ ಡೆಬಿಯನ್, ಫೈಲ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚುವ ಸಾಂಬಾ ಎರಡೇ ಸಾಕು, ಕೆಡುವ ಭಾಗಗಳೂ ಕಡಿಮೆ.

ಹಾಕುವ ಕ್ರಮ: ಇನ್‌ಸ್ಟಾಲರ್ ಅನ್ನು ಪೆನ್‌ಡ್ರೈವ್‌ಗೆ ಬರೆಯಿರಿ. ಡೇಟಾ ಡಿಸ್ಕ್‌ಗಳ ಕೇಬಲ್ ಕಳಚಿಡಿ. ಈ ಹೆಜ್ಜೆ ಬಿಟ್ಟವರು ತಪ್ಪು ಡಿಸ್ಕ್ ಅಳಿಸುತ್ತಾರೆ, ಯಾಕೆಂದರೆ ಓಪನ್‌ಮೀಡಿಯಾವಾಲ್ಟ್ ತಾನು ಕೂರುವ ಡಿಸ್ಕ್ ಪೂರ್ತಿ ತೆಗೆದುಕೊಳ್ಳುತ್ತದೆ. 128 ಜಿಬಿಯ ಒಂದು ಸಣ್ಣ ಎಸ್‌ಎಸ್‌ಡಿಗೆ ಸಿಸ್ಟಮ್ ಹಾಕಿ. ಮುಗಿದ ಮೇಲೆ ಪರದೆಯಲ್ಲಿ ಕಾಣುವ ಐಪಿ ವಿಳಾಸವನ್ನು ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆಯಿರಿ. ಬಳಕೆದಾರ ಹೆಸರು ಅಡ್ಮಿನ್, ಪಾಸ್‌ವರ್ಡ್ ಓಪನ್‌ಮೀಡಿಯಾವಾಲ್ಟ್. ಮೊದಲ ಕೆಲಸ ಅದನ್ನು ಬದಲಿಸುವುದು. ರೌಟರ್‌ಗೆ ಹೋಗಿ ಈ ಯಂತ್ರಕ್ಕೆ ಒಂದೇ ವಿಳಾಸ ಖಾಯಂ ಮಾಡಿ, ಉದಾಹರಣೆಗೆ 192.168.1.10. ಆಮೇಲೆ ಯಂತ್ರ ಆರಿಸಿ, ಡೇಟಾ ಡಿಸ್ಕ್ ಜೋಡಿಸಿ, ಮತ್ತೆ ಹಚ್ಚಿ.

ಪೈಯಲ್ಲಿ ಮೆಮೊರಿ ಕಾರ್ಡ್‌ನಿಂದಲೇ ನಡೆಸಬೇಕಾದರೆ, ಲಾಗ್‌ಗಳನ್ನು ರ‍್ಯಾಮ್‌ನಲ್ಲಿ ಇಡುವ ಫ್ಲ್ಯಾಶ್‌ಮೆಮೊರಿ ಪ್ಲಗಿನ್ ಹಾಕಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡ್‌ಗಳು ಸುಲಭವಾಗಿ ಕೆಡುತ್ತವೆ, ನಮ್ಮಲ್ಲಿ ಕರೆಂಟು ಹೋಗದ ದಿನ ಅಪರೂಪ.

ಡಿಸ್ಕ್ ಸಿಗದಿದ್ದರೆ ಯಂತ್ರ ಪೂರ್ತಿ ಶುರುವಾಗುವುದೇ ಇಲ್ಲ. ಯಾಕೆ?

ಎಫ್‌ಎಸ್‌ಟ್ಯಾಬ್ ಕಡತದಲ್ಲಿ (ಶುರುವಾಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ನೋಫೇಲ್ ಎಂಬ ಆಯ್ಕೆ ಇಲ್ಲ. ಅದಿಲ್ಲದಿದ್ದರೆ ಲಿನಕ್ಸ್ ಡಿಸ್ಕ್‌ಗಾಗಿ 90 ಸೆಕೆಂಡ್ ಕಾದು, ತುರ್ತು ಸ್ಥಿತಿಗೆ ಹೋಗಿ ಕೂರುತ್ತದೆ. ಕೀಬೋರ್ಡ್, ಮಾನಿಟರ್ ಇಲ್ಲದ ಯಂತ್ರ ಸತ್ತ ಹಾಗೆ ಕಾಣುತ್ತದೆ. ನೋಫೇಲ್ ಸೇರಿಸಿ, ಡಿಸ್ಕ್ ಅನ್ನು ಎಸ್‌ಡಿಎ, ಎಸ್‌ಡಿಬಿ ಹೆಸರಲ್ಲಿ ಅಲ್ಲ, ಅದರ ಖಾಯಂ ಗುರುತು ಸಂಖ್ಯೆಯಾದ ಯುಯುಐಡಿಯಲ್ಲಿ ಗುರುತಿಸಿ. ಕೇಬಲ್ ಅದಲುಬದಲಾದರೆ ಎಸ್‌ಡಿಎ ಬದಲಾಗುತ್ತದೆ, ಯುಯುಐಡಿ ಬದಲಾಗದು.

ನೋಫೇಲ್‌ಗೂ ಒಂದು ಅಪಾಯ ಇದೆ. ಡಿಸ್ಕ್ ಬಾರದಿದ್ದರೂ ಅದರ ಜಾಗದ ಖಾಲಿ ಫೋಲ್ಡರ್ ಇದ್ದೇ ಇರುತ್ತದೆ. ಎಲ್ಲರ ಫೋಟೋಗಳೂ ಆ ಖಾಲಿ ಫೋಲ್ಡರ್‌ಗೆ, ಅಂದರೆ ಸಿಸ್ಟಮ್ ಎಸ್‌ಎಸ್‌ಡಿಗೆ ಹೋಗಿ ಅದು ತುಂಬಿ ನಿಲ್ಲುತ್ತದೆ. ತಡೆಯಲು, ಡಿಸ್ಕ್ ಜೋಡಿಸದೆ ಇರುವಾಗ ಆ ಖಾಲಿ ಫೋಲ್ಡರ್ ಮೇಲೆ ಚ್ಯಾಟ್ರ್ ಆಜ್ಞೆಯನ್ನು ಕೂಡಿಸು ಚಿಹ್ನೆ ಮತ್ತು ಐ ಜೊತೆ ಓಡಿಸಿ. ಆಗ ಖಾಲಿ ಜಾಗಕ್ಕೆ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಬರೆಯಲಾಗದು. ಡಿಸ್ಕ್ ಬಂದು ಕೂತರೆ ಎಲ್ಲ ಮಾಮೂಲು.

ವಿಂಡೋಸ್‌ನಲ್ಲಿ ಸರ್ವರ್ ಕಾಣುತ್ತಿಲ್ಲ. ಕಂಡರೂ ಪಾಸ್‌ವರ್ಡ್ ಒಪ್ಪುತ್ತಿಲ್ಲ.

ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ನೇರವಾಗಿ \\192.168.1.10 ಎಂದು ಬರೆದು ಎಂಟರ್ ಒತ್ತಿ. ತೆರೆದುಕೊಂಡರೆ ಸಾಂಬಾ ಸರಿಯಿದೆ, ಹೆಸರು ಸಾರುವ ಡಬ್ಲ್ಯುಎಸ್‌ಡಿಡಿ ಮಾತ್ರ ನಿಂತಿದೆ.

ಪಾಸ್‌ವರ್ಡ್ ತಕರಾರಿಗೆ ಸಾಮಾನ್ಯ ಕಾರಣ, ಲಿನಕ್ಸ್ ಪಾಸ್‌ವರ್ಡ್ ಬೇರೆ, ಸಾಂಬಾ ಪಾಸ್‌ವರ್ಡ್ ಬೇರೆ ಎಂಬುದು. ಬರೀ ಡೆಬಿಯನ್‌ನಲ್ಲಿ ಎಸ್‌ಎಂಬಿಪಾಸ್‌ಡಬ್ಲ್ಯುಡಿಯನ್ನು ಎ ಆಯ್ಕೆಯೊಂದಿಗೆ ಓಡಿಸಿ ಬಳಕೆದಾರನನ್ನು ಸಾಂಬಾಗೆ ಸೇರಿಸಬೇಕು. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಈಗಿನ ವಿಂಡೋಸ್ ಆವೃತ್ತಿಗಳು ಬಹುಪಾಲು ತಾವಾಗೇ ತಡೆಯುತ್ತವೆ. ಆ ತಡೆ ತೆಗೆಯುವ ದಾರಿ ಹುಡುಕುವ ಬದಲು ಮನೆಯ ಪ್ರತಿಯೊಬ್ಬರಿಗೂ ಒಂದು ಖಾತೆ ಮಾಡಿ.

ಹಳೇ ಟಿವಿ ಅಥವಾ ಪ್ಲೇಯರ್ ಮಾತ್ರ ಸರ್ವರ್ ಹತ್ತುತ್ತಿಲ್ಲವೆಂದರೆ ಅದಕ್ಕೆ ಎಸ್‌ಎಂಬಿ 1 ಎಂಬ ಹಳೇ ಫೈಲ್ ಹಂಚುವ ಭಾಷೆ ಬಿಟ್ಟು ಬೇರೆ ಗೊತ್ತಿಲ್ಲ. ಸಾಂಬಾ 4.11ರಿಂದ, ಅಂದರೆ 2019ರಿಂದ, ಅದನ್ನು ಮೂಲದಲ್ಲೇ ಮುಚ್ಚಲಾಗಿದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದಿಂದಲೇ. ಟಿವಿಗೆ ಡಿಎಲ್‌ಎನ್‌ಎ ಅಥವಾ ಜೆಲ್ಲಿಫಿನ್ ಕೊಡಿ, ಎಸ್‌ಎಂಬಿ 1 ತೆರೆಯಬೇಡಿ.

ಅಪ್ಪ ಹಾಕಿದ ಫೈಲ್ ಅನ್ನು ಮಗಳು ತಿದ್ದಲು ಆಗುತ್ತಿಲ್ಲ.

ಇಬ್ಬರನ್ನೂ ಮನೆ ಎಂಬ ಒಂದೇ ಗುಂಪಿಗೆ ಸೇರಿಸಿ, ಹಂಚಿದ ಫೋಲ್ಡರ್‌ನ ಗುಂಪನ್ನು ಅದಕ್ಕೆ ಬದಲಿಸಿ, ಅನುಮತಿ 2770 ಕೊಡಿ. ಮುಂದಿನ 2 ಇಲ್ಲಿ ಮುಖ್ಯ: ಒಳಗೆ ಹೊಸದಾಗಿ ಹುಟ್ಟುವ ಫೈಲ್‌ಗಳೂ ಅದೇ ಗುಂಪಿಗೆ ಸೇರುತ್ತವೆ. ಸಾಂಬಾದಲ್ಲಿ ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770 ಮಾಡಿ. ಜೊತೆಗೇ ಸಾಂಬಾದ ರೀಸೈಕಲ್ ಭಾಗವನ್ನೂ ಹಚ್ಚಿಬಿಡಿ. ನೆಟ್‌ವರ್ಕ್‌ನಲ್ಲಿ ಅಳಿಸಿದ ಫೈಲ್ ವಿಂಡೋಸ್‌ನ ಕಸದ ಬುಟ್ಟಿಗೆ ಹೋಗುವುದಿಲ್ಲ, ನೇರ ಮಾಯ.

ಕನ್ನಡ ಹೆಸರಿನ ಫೈಲ್‌ಗಳು ತೊಂದರೆ ಕೊಡುತ್ತಿವೆ. ಹೆಸರೆಲ್ಲ ಇಂಗ್ಲಿಷ್‌ಗೆ ಬದಲಿಸಬೇಕಾ?

ಖಂಡಿತ ಬೇಡ. ಲಿನಕ್ಸ್‌ನಲ್ಲಿ ಕನ್ನಡ ಹೆಸರು ಸರಾಗವಾಗಿ ನಡೆಯುತ್ತದೆ. ಮೂರು ಕಡೆ ಎಡವುತ್ತದೆ, ಮೂರಕ್ಕೂ ಮದ್ದಿದೆ.

ಒಂದು, ಉದ್ದ. ಲಿನಕ್ಸ್‌ನ ಸಾಮಾನ್ಯ ಡಿಸ್ಕ್ ವಿನ್ಯಾಸವಾದ ಇಎಕ್ಸ್‌ಟಿ4ನಲ್ಲಿ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ ಮೂರು. ಅಂದರೆ 85 ಚಿಹ್ನೆ. ಅದೂ ಅಕ್ಷರಗಳಲ್ಲ, ಚಿಹ್ನೆಗಳು: "ಸ್ತ್ರೀ" ಎಂಬ ಒಂದೇ ಅಕ್ಷರದಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರ ಸೇರಿ ಆರು ಚಿಹ್ನೆ, 18 ಬೈಟ್. ಪ್ರಸಂಗದ ಹೆಸರು, ಮೇಳ, ಭಾಗವತರು, ಊರು, ತಾರೀಖು ಎಲ್ಲ ಸೇರಿಸಿ ಹೆಸರಿಟ್ಟ ಯಕ್ಷಗಾನದ ವಿಡಿಯೊಗಳು ವಿಂಡೋಸ್‌ನಲ್ಲಿ ಇದ್ದು ಸರ್ವರ್‌ಗೆ ಬರದೆ ನಿಲ್ಲುವುದು ಇದರಿಂದಲೇ. ವಿಂಡೋಸ್ ಲೆಕ್ಕ ಹಿಡಿಯುವುದು ಚಿಹ್ನೆಗಳನ್ನು, ಬೈಟ್‌ಗಳನ್ನಲ್ಲ. ವಿವರಗಳನ್ನು ಫೋಲ್ಡರ್‌ಗೆ ಹಂಚಿ: ಮೇಳದ್ದೊಂದು ಫೋಲ್ಡರ್, ವರ್ಷದ್ದೊಂದು, ಫೈಲ್‌ಗೆ ಪ್ರಸಂಗದ ಹೆಸರು ಮಾತ್ರ.

ಎರಡು, ಒಂದೇ ಹೆಸರಿನ ಎರಡು ಫೋಲ್ಡರ್. "ಕೋಣಂದೂರು" ಎಂಬ ಹೆಸರಿನ "ಕೋ"ದ ಸ್ವರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಹಳೇ ಮ್ಯಾಕ್ ಡಿಸ್ಕ್‌ಗಳು ಬಿಡಿಸಿ ಬರೆಯುತ್ತವೆ. ಅಲ್ಲಿಂದ ತಂದ ಫೈಲ್‌ಗಳ ಮೇಲೆ ಕಾನ್ವ್‌ಎಂವಿ ಆಜ್ಞೆಯನ್ನು ಎನ್‌ಎಫ್‌ಸಿ ಆಯ್ಕೆಯೊಂದಿಗೆ ಓಡಿಸಿ. ಮೊದಲು ಅದು ಏನು ಬದಲಿಸುತ್ತೇನೆಂದು ಬರೀ ತೋರಿಸುತ್ತದೆ. ನೋಟೆಸ್ಟ್ ಎಂಬ ಆಯ್ಕೆ ಸೇರಿಸಿದರೆ ಮಾತ್ರ ನಿಜವಾಗಿ ಬದಲಿಸುತ್ತದೆ.

ಮೂರು, ಟರ್ಮಿನಲ್‌ನಲ್ಲಿ ಪ್ರಶ್ನೆಚಿಹ್ನೆ ಅಥವಾ ಅಂಕಿಗಳು ಕಾಣುವುದು. ಫೈಲ್ ಕೆಟ್ಟಿಲ್ಲ. ಲೊಕೇಲ್, ಅಂದರೆ ಸಿಸ್ಟಮ್‌ನ ಭಾಷಾ ಸೆಟ್ಟಿಂಗ್ ಅನ್ನು ಯುಟಿಎಫ್-8 ಮಾಡಿದರೆ ಸಾಕು.

ನುಡಿ, ಬರಹದ ಹಳೇ ಫಾಂಟ್ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಕಡತಗಳ ಮಾತು ಬೇರೆ. ಅವುಗಳ ಒಳಗಿರುವುದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರ, ಸರ್ವರ್‌ನಲ್ಲಿ ಹುಡುಕಿದರೆ ಸಿಗದು. ಯುನಿಕೋಡ್‌ಗೆ ಪರಿವರ್ತಿಸಿದ ಪ್ರತಿಯೊಂದನ್ನು ಪಕ್ಕದಲ್ಲಿಡಿ, ಮೂಲವನ್ನು ಎಸೆಯಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಕರೆಂಟು ಹೋದ ಕೂಡಲೇ ಸರ್ವರ್ ಆಫ್ ಆಗಿ ಆನ್ ಆಗುತ್ತದೆ.

ಇನ್ವರ್ಟರ್‌ನ ಹಿಂದೆ ಅಥವಾ ಮುಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್, ಇನ್ವರ್ಟರ್ ಮೋಡ್ ಎಂದು. ಕಂಪ್ಯೂಟರ್‌ನ ಪವರ್ ಸಪ್ಲೈ ಕರೆಂಟಿಲ್ಲದೆ ಉಸಿರು ಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಯುಪಿಎಸ್ ಮೋಡ್‌ಗೆ ತಿರುಗಿಸಿ.

ತಿರುಗಿಸಿದ ಮೇಲೆ ಹೊಸ ತಾಪತ್ರಯ ಬರಬಹುದು. ಯುಪಿಎಸ್ ಮೋಡ್ ಸುಮಾರು 180 ವೋಲ್ಟ್‌ಗಿಂತ ಕೆಳಗಿನ ಕರೆಂಟನ್ನು ಒಪ್ಪುವುದಿಲ್ಲ. ಲೈನಿನ ಕೊನೆಯ ಮನೆಗಳಲ್ಲಿ, ತೋಟದ ಪಂಪ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, ವೋಲ್ಟೇಜ್ 160ಕ್ಕೆ ಇಳಿಯುವುದುಂಟು. ಆಗ ಕರೆಂಟು ಇದ್ದೂ ಇನ್ವರ್ಟರ್ ಬ್ಯಾಟರಿ ಮೇಲೇ ಓಡುತ್ತದೆ, ಸಂಜೆಯೊಳಗೆ ಬ್ಯಾಟರಿ ಖಾಲಿ. ಅಂಥ ಮನೆಯಲ್ಲಿ ಇನ್ವರ್ಟರ್ ಅನ್ನು ಇನ್ವರ್ಟರ್ ಮೋಡ್‌ನಲ್ಲೇ ಬಿಟ್ಟು, ಸರ್ವರ್‌ಗೆ ಮಾತ್ರ 600 ವಿಎಯ ಪುಟ್ಟ ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿ. ಬದಲಾವಣೆಯ ಆ ಕ್ಷಣವನ್ನು ಅದು ದಾಟಿಸುತ್ತದೆ. ಇನ್ವರ್ಟರ್ ಚೌಕ ಅಲೆಯದ್ದಾಗಿದ್ದರೆ ಕೆಲವು ಯುಪಿಎಸ್ ಅದನ್ನು ಕರೆಂಟು ಎಂದೇ ಒಪ್ಪುವುದಿಲ್ಲ. ಕೊಳ್ಳುವ ಮೊದಲು ಎರಡನ್ನೂ ಜೋಡಿಸಿ ನೋಡಿ.

ಮೂರು ದಿನ ಕರೆಂಟಿಲ್ಲದಿದ್ದರೆ ಏನು ಮಾಡಬೇಕು?

ಲೆಕ್ಕ ಹಾಕಿ. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್. ಅದರಲ್ಲಿ ನಂಬಿ ಬಳಸಬಹುದಾದದ್ದು ಸುಮಾರು ಮೂರನೇ ಎರಡು ಪಾಲು. ಸರ್ವರ್ 20, ರೌಟರ್ 10 ವ್ಯಾಟ್ ಎಂದಿಟ್ಟುಕೊಂಡರೂ, ಇನ್ವರ್ಟರ್ ತನ್ನ ಪಾಲಿನದ್ದನ್ನು ತಿಂದು, 24 ಗಂಟೆಗೆ ಬ್ಯಾಟರಿ ಮುಗಿಯುತ್ತದೆ, ದೀಪ ಬೇರೆ ಬೇಕು. ಆದ್ದರಿಂದ ಕರೆಂಟು ಹೋಗಿ 20 ನಿಮಿಷಕ್ಕೆ ಸರ್ವರ್ ತಾನೇ ಮಲಗುವ ಹಾಗೆ ಮಾಡಿ.

ಯುಎಸ್‌ಬಿ ಕಿಂಡಿ ಇರುವ ಯುಪಿಎಸ್ ಆದರೆ ನಟ್ ಎಂಬ ತಂತ್ರಾಂಶ ಹಾಕಿ. ಎಪಿಸಿ ಕಂಪನಿಯವು ಬಹುಪಾಲು ಯುಎಸ್‌ಬಿಎಚ್‌ಐಡಿ-ಯುಪಿಎಸ್ ಡ್ರೈವರ್‌ಗೆ, ಅಗ್ಗದವು ನಟ್‌ಡಿಆರ್‌ವಿ ಕ್ಯೂಎಕ್ಸ್ ಡ್ರೈವರ್‌ಗೆ ಒಗ್ಗುತ್ತವೆ. ಬ್ಯಾಟರಿ ಕಡಿಮೆ ಎಂಬ ಸೂಚನೆಗೆ ಕಾಯಬೇಡಿ. ಎರಡು ವರ್ಷ ಹಳೆಯ ಬ್ಯಾಟರಿ ಆ ಸೂಚನೆ ಕೊಡುವ ಮೊದಲೇ ಕುಸಿಯುತ್ತದೆ. ಸಮಯದ ಮೇಲೆ ಆರಿಸಿ. ಆ 600 ವಿಎ ಪುಟ್ಟದು ಒಂದೇ ಇದ್ದರೆ 20 ನಿಮಿಷವೂ ಬೇಡ, ಐದಕ್ಕೇ ಆರಿಸಿ.

ಇನ್ವರ್ಟರ್‌ನಲ್ಲಿ ಯುಎಸ್‌ಬಿ ಇರುವುದಿಲ್ಲ. ಅದಕ್ಕೊಂದು ಸರಳ ಉಪಾಯ: ಇನ್ವರ್ಟರ್ ಲೈನ್ ಇಲ್ಲದ, ಬರೀ ಕರೆಂಟಿನ ಪ್ಲಗ್‌ಗೆ ಒಂದು ಹಳೇ ವೈಫೈ ರೌಟರ್ ಸಿಕ್ಕಿಸಿ, ನೆಟ್‌ವರ್ಕ್‌ಗೆ ಸೇರಿಸಿ. ಸರ್ವರ್ ಪ್ರತಿ ನಿಮಿಷ ಅದಕ್ಕೆ ಪಿಂಗ್ ಮಾಡಲಿ. 20 ಸಲ ಸತತ ಉತ್ತರ ಬಾರದಿದ್ದರೆ, ಮತ್ತು ಮುಖ್ಯ ರೌಟರ್ ಉತ್ತರಿಸುತ್ತಿದ್ದರೆ, ಕರೆಂಟು ಇಲ್ಲವೆಂದೇ ಅರ್ಥ, ಷಟ್‌ಡೌನ್. ಎರಡನೆಯ ಷರತ್ತು ಬಿಟ್ಟರೆ ಸ್ವಿಚ್‌ನ ಕೇಬಲ್ ಸಡಿಲವಾದಾಗಲೂ ಸರ್ವರ್ ಮಲಗಿಬಿಡುತ್ತದೆ.

ಕರೆಂಟು ಬಂದಾಗ ತಾನೇ ಏಳಲು ಬಯೋಸ್‌ನಲ್ಲಿ ಪವರ್ ಬಂದ ಮೇಲೆ ಆನ್ ಎಂಬ ಆಯ್ಕೆ ಹಚ್ಚಿ. ಒಂದು ಮಾತು: ಸರ್ವರ್ ಮಲಗಿದ ಮೇಲೂ ಇನ್ವರ್ಟರ್ ಕರೆಂಟು ಕೊಡುತ್ತಲೇ ಇದ್ದರೆ, ಬಯೋಸ್‌ಗೆ ಕರೆಂಟು ಹೋಗಿ ಬಂದದ್ದೇ ತಿಳಿಯುವುದಿಲ್ಲ. ಆಗ ಗುಂಡಿ ಒತ್ತುವವರು ಬೇಕು, ಅಥವಾ ರೌಟರ್‌ನಿಂದ ವೇಕ್ ಆನ್ ಲ್ಯಾನ್ ಎಂಬ ಎಬ್ಬಿಸುವ ಸೂಚನೆ ಕಳಿಸಬೇಕು.

ಕರೆಂಟ್ ಬಿಲ್ ಎಷ್ಟು ಏರುತ್ತದೆ?

ದಿನವಿಡೀ ಉರಿಯುವ ಪ್ರತಿ 10 ವ್ಯಾಟ್‌ಗೆ ತಿಂಗಳಿಗೆ 7.2 ಯೂನಿಟ್. 35 ವ್ಯಾಟ್‌ನ ಹಳೇ ಡೆಸ್ಕ್‌ಟಾಪ್ 25 ಯೂನಿಟ್, 20 ವ್ಯಾಟ್‌ನ ಹೊಸದು 14. ಗೃಹಜ್ಯೋತಿಯಲ್ಲಿ ಇರುವವರು ಗಮನಿಸಿ: 200 ಯೂನಿಟ್ ಎಂಬುದು ಮೇಲಿನ ಗಡಿ, ನಿಮ್ಮ ಮನೆಗೆ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟೇ. ಸಣ್ಣ ಬಳಕೆಯ ಮನೆಗೆ 25 ಯೂನಿಟ್ ಸೇರಿದರೆ ಆ ಉಚಿತ ಪ್ರಮಾಣ ದಾಟಬಹುದು.

ಸಿಡಿಲಿನಿಂದ ಕಾಪಾಡುವುದು ಹೇಗೆ? ಸರ್ಜ್ ಪ್ರೊಟೆಕ್ಟರ್ ಸಾಕಾ?

ಸಾಲದು, ಮೊದಲು ಅರ್ಥಿಂಗ್ ನೋಡಿ. ಸರ್ಜ್ ಪ್ರೊಟೆಕ್ಟರ್ ಮಾಡುವುದು ಹೆಚ್ಚಿನ ವೋಲ್ಟೇಜ್ ಅನ್ನು ನೆಲಕ್ಕೆ ದಾಟಿಸುವ ಕೆಲಸ. ನೆಲಕ್ಕೆ ದಾರಿಯೇ ಇಲ್ಲದಿದ್ದರೆ ಅದು ಬರೀ ಪ್ಲಗ್ ಪಟ್ಟಿ. ನಮ್ಮ ಕಡೆ ಒಂದು ಕೆಟ್ಟ ಹೊಂದಾಣಿಕೆ ಇದೆ. ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ, ಆಗ ಅರ್ಥಿಂಗ್ ತೀರ ದುರ್ಬಲ. ಗುಡುಗು ಸಿಡಿಲಿನ ಅಬ್ಬರ ಇರುವುದೂ ಮಳೆಗಾಲಕ್ಕೆ ಮುಂಚಿನ ಅದೇ ದಿನಗಳಲ್ಲಿ. ಯುಗಾದಿ ಕಳೆದ ಮೇಲೆ ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ನಾಲ್ಕಾರು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥ್ ಪ್ರತಿರೋಧ ಅಳೆಸಿ. 5 ಓಮ್ ಒಳಗೆ ಬಂದರೆ ಒಳ್ಳೆಯದು. ಡಿಬಿ ಪೆಟ್ಟಿಗೆಯಲ್ಲಿ ಇಡೀ ಮನೆಗೆ ಸರ್ಜ್ ತಡೆಯುವ ಟೈಪ್ 2 ಎಸ್‌ಪಿಡಿ ಹಾಕಿಸಿ.

ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ. ಫೈಬರ್ ಗಾಜೇ ಆದರೂ ಕಂಬದಿಂದ ಮನೆಗೆ ಬರುವ ಕೇಬಲ್‌ನಲ್ಲಿ ಉಕ್ಕಿನ ಎಳೆ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಒಳಗೆ ಗಾಜಿನ ಎಳೆ ಮಾತ್ರ ಬರಲಿ. ಮನೆಯಿಂದ ಕೊಟ್ಟಿಗೆಗೆ, ಅಡಿಕೆ ಮನೆಗೆ ಕ್ಯಾಮೆರಾಕ್ಕೆಂದು ಬಯಲಲ್ಲಿ ಎಳೆದ ತಾಮ್ರದ ಈಥರ್‌ನೆಟ್ ಕೇಬಲ್ ಅತ್ಯಂತ ಅಪಾಯಕಾರಿ. ಹತ್ತಿರದ ಮರಕ್ಕೆ ಸಿಡಿಲು ಬಡಿದರೂ ಆ ಉದ್ದದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ, ಸ್ವಿಚ್, ಸರ್ವರ್ ಎರಡರ ಪೋರ್ಟೂ ಸುಡುತ್ತವೆ. ಎರಡು ಕಟ್ಟಡದ ನಡುವೆ ಫೈಬರ್ ಎಳೆಯಿರಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್. ಅಥವಾ ವೈಫೈ.

ಮೋಡ ಕಪ್ಪಾದಾಗ ಪ್ಲಗ್ ಕೀಳುವ ಹಿರಿಯರ ರೂಢಿ ಈಗಲೂ ಎಲ್ಲಕ್ಕಿಂತ ಗಟ್ಟಿ ರಕ್ಷಣೆ. ಸರ್ವರ್ ಅನ್ನು ಸರಿಯಾಗಿ ಷಟ್‌ಡೌನ್ ಮಾಡಿ, ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲ್ಲನ್ನೂ ಕಿತ್ತಿಡಿ.

ಆಗುಂಬೆ ಕಡೆಯ ಥಂಡಿಯಲ್ಲಿ ಡಿಸ್ಕ್ ಉಳಿಯುತ್ತದಾ?

ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಊರಲ್ಲೂ ಉಳಿಯುತ್ತದೆ, ಓಡುತ್ತಿದ್ದರೆ. ಓಡುವ ಡಿಸ್ಕ್ 35ರಿಂದ 45 ಡಿಗ್ರಿ ಬೆಚ್ಚಗಿರುತ್ತದೆ. ಬೆಚ್ಚಗಿನ ವಸ್ತುವಿನ ಮೇಲೆ ತೇವ ಕೂರುವುದಿಲ್ಲ. ಅಪಾಯ ಇರುವುದು ಬೀರುವಿನಲ್ಲಿ ತಣ್ಣಗೆ ಮಲಗಿದ ಡಿಸ್ಕ್‌ಗೆ. ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಹಾಗೇ ಅದರ ಸರ್ಕ್ಯೂಟ್ ಹಲಗೆಗೂ ಹಿಡಿಯುತ್ತದೆ, ಕನೆಕ್ಟರ್‌ನ ಹಲ್ಲುಗಳು ಮಂಕಾಗುತ್ತವೆ. ಆದ್ದರಿಂದ ಡಿಸ್ಕ್ ನಿದ್ದೆ ಮಾಡುವ ಸಮಯವನ್ನು ಮಳೆಗಾಲದಲ್ಲಿ ಪೂರ್ತಿ ತೆಗೆದುಬಿಡಿ. ಕೆಲವು ಯೂನಿಟ್ ಹೆಚ್ಚು ಉರಿದರೂ ಪರವಾಗಿಲ್ಲ.

ಸ್ಮಾರ್ಟ್ ವರದಿಯ 199 ಸಂಖ್ಯೆಯ ಸಾಲು ಮಳೆಗಾಲದಲ್ಲಿ ಏರತೊಡಗಿದರೆ ಡಿಸ್ಕ್ ಬದಲಿಸಲು ಓಡಬೇಡಿ. ಅದು ಕೇಬಲ್‌ನ ದೂರು. ಯಂತ್ರ ಆರಿಸಿ, ಸಾಟಾ ಕೇಬಲ್ ಎರಡೂ ತುದಿ ಕಿತ್ತು, ನಾಲ್ಕಾರು ಸಲ ಹಾಕಿ ತೆಗೆದು ಗಟ್ಟಿಯಾಗಿ ಕೂರಿಸಿ. ಹಲ್ಲಿನ ಮೇಲಿನ ಪೊರೆ ತಿಕ್ಕಿ ಹೋಗುತ್ತದೆ. ಆ ಸಂಖ್ಯೆ ಎಂದೂ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಮತ್ತೆ ಏರಿದರೆ ಕೇಬಲ್ ಬದಲಿಸಿ.

ಜಾಗದ ವಿಷಯ: ನೆಲದ ಮೇಲೆ ಬೇಡ, ಇರಚಲು ಹೊಡೆಯುವ ಪಶ್ಚಿಮದ ಗೋಡೆ ಬೇಡ, ಬಚ್ಚಲಿನ ಪಕ್ಕ ಬೇಡ, ಒಲೆಯ ಹೊಗೆ ಬರುವ ಕಡೆ ಬೇಡ. ಒಳಗೋಡೆಯ ನಾಗಂದಿಗೆ ಒಳ್ಳೆಯದು. ಪ್ಲಾಸ್ಟಿಕ್ ಮುಚ್ಚಬೇಡಿ, ತೇವ ಒಳಗೇ ಉಳಿಯುತ್ತದೆ. ಹಲ್ಲಿ ಪವರ್ ಸಪ್ಲೈ ಒಳಗೆ ಹೊಕ್ಕು ಶಾರ್ಟ್ ಆಗುವುದು, ಬೆಚ್ಚಗಿದೆಯೆಂದು ಇರುವೆ ಗೂಡು ಕಟ್ಟುವುದು ಎರಡೂ ಸಾಮಾನ್ಯ. ಕಿಂಡಿಗಳಿಗೆ ಸೊಳ್ಳೆ ಪರದೆಯ ಲೋಹದ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಬ್ರಷ್‌ನಿಂದ ಧೂಳು ತೆಗೆಯಿರಿ.

ಎರಡು ಡಿಸ್ಕ್ ಇವೆ. ಮಿರರ್ ಮಾಡಲಾ?

ಮನೆಗೆ ನಮ್ಮ ಸಲಹೆ, ಬೇಡ. ಮಿರರ್ ಇರುವುದು ಡಿಸ್ಕ್ ಸತ್ತರೂ ಕೆಲಸ ನಿಲ್ಲದಿರಲಿ ಎಂದು. ಅಳಿಸಿದ್ದನ್ನು ಅದು ಎರಡೂ ಕಡೆ ಆ ಕ್ಷಣವೇ ಅಳಿಸುತ್ತದೆ, ಸಿಡಿಲು ಎರಡನ್ನೂ ಒಟ್ಟಿಗೇ ಸುಡುತ್ತದೆ. ಒಂದು ಡಿಸ್ಕ್ ಬಳಕೆಗೆ, ಇನ್ನೊಂದಕ್ಕೆ ಪ್ರತಿ ರಾತ್ರಿ, ನಕಲು ಮಾಡುವ ಆರ್‌ಸಿಂಕ್‌ನ ಲಿಂಕ್‌ಡೆಸ್ಟ್ ಆಯ್ಕೆಯಿಂದ ದಿನಕ್ಕೊಂದು ಪ್ರತಿ. ಬದಲಾಗದ ಫೈಲ್‌ಗಳು ಮತ್ತೆ ಜಾಗ ತಿನ್ನುವುದಿಲ್ಲ, ಹಾಗಾಗಿ 30 ದಿನದ ಇತಿಹಾಸ ಇಡುವುದು ಕಷ್ಟವಲ್ಲ.

ಮೂಲದ ಡಿಸ್ಕ್ ಏಳದ ದಿನ ಡಿಲೀಟ್ ಆಯ್ಕೆಯ ಆರ್‌ಸಿಂಕ್ ಓಡಿದರೆ, ಖಾಲಿಯನ್ನೇ ನಕಲು ಮಾಡಿ ಬ್ಯಾಕಪ್ಪನ್ನೂ ಖಾಲಿ ಮಾಡುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ಮೌಂಟ್‌ಪಾಯಿಂಟ್ ಆಜ್ಞೆಯಿಂದ ಎರಡೂ ಡಿಸ್ಕ್ ಇವೆಯೇ ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ.

ಮೂರನೆಯ ಪ್ರತಿ ಮನೆಯ ಹೊರಗೆ ಇರಬೇಕು. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಪಾಸ್‌ವರ್ಡ್‌ನ ಬೀಗ ಹಾಕಿಯೇ ಬರೆಯುತ್ತದೆ, ಆದ್ದರಿಂದ ನೆಂಟರ ಮನೆಯಲ್ಲಿ ಇಡಲು ಸಂಕೋಚ ಬೇಡ. ಪಾಸ್‌ವರ್ಡ್ ಮಾತ್ರ ಕಾಗದದಲ್ಲಿ ಬರೆದು ಬೇರೆ ಕಡೆ ಇಡಿ. ಅದು ಕಳೆದರೆ ತೆರೆಯಲು ಯಾರಿಂದಲೂ ಆಗದು. ಇಂಟರ್ನೆಟ್ ಮೂಲಕ ಕಳಿಸುವುದಾದರೆ, 1 ಟಿಬಿಗೆ 40 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಸುಮಾರು 56 ಗಂಟೆ, 10ರಲ್ಲಿ ಒಂಬತ್ತು ದಿನ. ಮೊದಲ ಪ್ರತಿಯನ್ನು ಮನೆಯಲ್ಲೇ ಮಾಡಿ ಡಿಸ್ಕ್ ಹೊತ್ತೊಯ್ಯಿರಿ, ಮುಂದಿನ ಬದಲಾವಣೆ ಮಾತ್ರ ನೆಟ್‌ನಲ್ಲಿ ಹೋಗಲಿ.

ಬೆಂಗಳೂರಿಂದ ಎಸಿ ಬಸ್ಸಿನಲ್ಲಿ ರಾತ್ರಿಯಿಡೀ ತಣ್ಣಗಾಗಿ ಬಂದ ಡಿಸ್ಕ್ ಅನ್ನು ಜುಲೈ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಚೀಲದಿಂದ ತೆಗೆದ ಕೂಡಲೇ ಹಚ್ಚಬೇಡಿ. ತಣ್ಣನೆ ಚೊಂಬಿನ ಮೇಲೆ ಹನಿಗಟ್ಟುವಂತೆ ಅದರ ಮೇಲೂ ಹನಿಗಟ್ಟುತ್ತದೆ. ಚೀಲ ಬಿಚ್ಚದೆ ನಾಲ್ಕು ಗಂಟೆ ಹಾಗೇ ಇಡಿ. ಬೀರುವಿನಲ್ಲಿಡುವ ಡಿಸ್ಕ್ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇರಲಿ. ಬಣ್ಣ ಬದಲಾಗುವ ಬಗೆಯದ್ದು ತನ್ನಿ, ಬದಲಾದರೆ ಒಣಗಿಸಿ ಮತ್ತೆ ಬಳಸಬಹುದು.

ಕಾಪಿ ವೇಗ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ.

11 ಎಂಬಿ ಕಂಡರೆ ಎಲ್ಲೋ 100 ಎಂಬಿಪಿಎಸ್ ಕೊಂಡಿ ಇದೆ. ಗಿಗಾಬಿಟ್‌ನಲ್ಲಿ 110ರ ಹತ್ತಿರ ಬರಬೇಕು. ಈಥ್‌ಟೂಲ್ ಆಜ್ಞೆ ವೇಗ ಹೇಳುತ್ತದೆ. ಫೈಬರ್ ಪೆಟ್ಟಿಗೆಗಳ ಕೆಲವು ಪೋರ್ಟ್ 100ರವೇ ಇರುತ್ತವೆ. ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಮೊನ್ನೆಯವರೆಗೆ 110 ಇದ್ದು ಈಗ ಇಳಿದಿದ್ದರೆ ಅಟ್ಟ ಹತ್ತಿ ಕೇಬಲ್ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಉಳಿದೆರಡು ಜೋಡಿಯ ಒಂದು ಎಳೆಯನ್ನು ಇಲಿ ಕಡಿದರೆ ನೆಟ್‌ವರ್ಕ್ ಸಾಯುವುದಿಲ್ಲ, ಹೀಗೆ ಸದ್ದಿಲ್ಲದೆ ಇಳಿಯುತ್ತದೆ.

ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ.

ರೌಟರ್‌ನ ಹೊರ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮ ಸಂಪರ್ಕ ಸಿಜಿನ್ಯಾಟ್ ಹಿಂದೆ ಇದೆ, ಅಂದರೆ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸ. ಫಾರ್ವರ್ಡ್ ಕೆಲಸ ಮಾಡುವುದೇ ಇಲ್ಲ. ಮನೆಗೆ ಖಾಸಗಿ ದಾರಿ ಮಾಡಿಕೊಡುವ ಟೇಲ್‌ಸ್ಕೇಲ್ ಹಾಕಿ, ಫೋನಿನಲ್ಲೂ ಸರ್ವರ್‌ನಲ್ಲೂ. ಸಾರ್ವಜನಿಕ ವಿಳಾಸ ಇದ್ದವರು ವೈರ್‌ಗಾರ್ಡ್ ಬಳಸಬಹುದು. ಸಾಂಬಾದ 445ನೇ ಪೋರ್ಟನ್ನು ಮಾತ್ರ ಎಂದೂ ಹೊರಕ್ಕೆ ತೆರೆಯಬೇಡಿ.

ಮಳೆಗಾಲಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕು?

ಮೃಗಶಿರಾ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಇಡಿ. ಎಲ್ಲ ಡಿಸ್ಕ್‌ಗೂ ಉದ್ದ ಪರೀಕ್ಷೆ. ಯುಪಿಎಸ್‌ನ ಪ್ಲಗ್ ಕಿತ್ತು, ಹೇಳಿದ ಸಮಯಕ್ಕೆ ಸರ್ವರ್ ತಾನೇ ಮಲಗುತ್ತದೆಯೇ ಎಂದು ಕೂತು ನೋಡುವುದು. ಬ್ಯಾಕಪ್‌ನಿಂದ ಒಂದು ಹಳೇ ಫೋಲ್ಡರ್ ವಾಪಸ್ ತಂದು, ಹತ್ತು ಫೋಟೋ, ಒಂದು ವಿಡಿಯೊ, ಒಂದು ಕನ್ನಡ ಹೆಸರಿನ ಕಡತ ತೆರೆದು ನೋಡುವುದು. ಕೊನೆಯದನ್ನು ತಪ್ಪಿಸಬೇಡಿ. ಬ್ಯಾಕಪ್ ಓಡಿತು ಎಂಬ ಸಂದೇಶ ಬಂದ ಮಾತ್ರಕ್ಕೆ ಫೈಲ್ ತೆರೆಯುತ್ತದೆ ಎಂದಾಗುವುದಿಲ್ಲ.

ಡಿಸ್ಕ್ ಟಕ್ ಟಕ್ ಎನ್ನುತ್ತಿದೆ, ಬ್ಯಾಕಪ್ ಹಳೆಯದು. ಈಗ?

ತಕ್ಷಣ ಆರಿಸಿ. ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಡಿಸ್ಕ್‌ನ ದೋಷ ತಿದ್ದುವ ಎಫ್‌ಎಸ್‌ಸಿಕೆ ಓಡಿಸಬೇಡಿ; ಅದು ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತದೆ. ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕ್ ತನ್ನಿ. ಒಂದೊಂದೇ ಸೆಕ್ಟರ್ ಓದಲಾಗದೆ ನಿಧಾನವಾಗಿದ್ದರೆ ಡಿಡಿರೆಸ್ಕ್ಯೂ ಆಜ್ಞೆಯನ್ನು ಎನ್ ಆಯ್ಕೆಯೊಂದಿಗೆ, ಮ್ಯಾಪ್ ಕಡತ ಕೊಟ್ಟು ಓಡಿಸಿ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗವನ್ನು ಆಮೇಲಿಗೆ ಬಿಡುತ್ತದೆ. ನಡುವೆ ಕರೆಂಟು ಹೋದರೂ ಮ್ಯಾಪ್ ಕಡತ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಎರಡನೆಯ ಸುತ್ತಿನಲ್ಲಿ ಎನ್ ತೆಗೆದು, ಮೂರು ಸಲ ಮರುಪ್ರಯತ್ನಕ್ಕೆ ಬಿಡಿ. ರಿಪೇರಿ ಏನಿದ್ದರೂ ನಕಲಿನ ಮೇಲೆ ಮಾಡಿ, ಮೂಲದ ಮೇಲೆ ಅಲ್ಲ. ಲೋಹ ಕೆರೆಯುವ ಸದ್ದು ಬರುತ್ತಿದ್ದರೆ ಇದ್ಯಾವುದೂ ಬೇಡ, ಹಚ್ಚದೆ ಹಾಗೇ ಡೇಟಾ ಮರಳಿ ತೆಗೆಯುವ ಪ್ರಯೋಗಾಲಯಕ್ಕೆ ಕಳಿಸಿ.